ಗೆದ್ದ ಅರಸನ ಪಶ್ಚಾತ್ತಾಪ

ರೊದ್ದದಿಂದ ಉತ್ತರಕ್ಕೆ, ಗುತ್ತಿಯ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಮೌರ್ಯ ಸಾಮ್ರಾಟ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಹದಿಮೂರನೆಯದು, ಗೆದ್ದ ಅರಸನೊಬ್ಬನು ತನ್ನ ಗೆಲುವಿನ ವಿರುದ್ಧ ತಾನೇ ನುಡಿದ ಸಾಕ್ಷ್ಯ.

ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನು ಕ್ರಿ.ಪೂ. 268ರ ಸುಮಾರಿಗೆ ಪಟ್ಟಾಭಿಷಿಕ್ತನಾದನು. ಎಂಟು ವರ್ಷಗಳ ತರುವಾಯ ಕಳಿಂಗವನ್ನು ಜಯಿಸಿದನು. ಆ ಯುದ್ಧದಲ್ಲಿ 1,00,000 ಜನ ಹತರಾದರೆಂದೂ 1,50,000 ಜನರನ್ನು ನಾಡಿನಿಂದ ಒಯ್ಯಲಾಯಿತೆಂದೂ, ಹತರಾದವರ ಹಲವು ಪಟ್ಟು ಜನ ಮಡಿದರೆಂದೂ ಶಾಸನವೇ ಲೆಕ್ಕ ಕೊಡುತ್ತದೆ. ಬ್ರಾಹ್ಮಣರು, ಶ್ರಮಣರು, ಹಿರಿಯರ ಸೇವೆಯಲ್ಲಿ ಬಾಳುತ್ತಿದ್ದ ಗೃಹಸ್ಥರು ಹಿಂಸೆಗೂ ಸಾವಿಗೂ ಅಗಲಿಕೆಗೂ ಈಡಾದರು. ಪಾರಾದವರಿಗೂ ಬಂಧುಮಿತ್ರರ ಸಂಕಟವೇ ಗಾಯವಾಯಿತು. ಈ ಭಾರವನ್ನು ಅಶೋಕನು ಸೈನಿಕರ ಶೌರ್ಯದ ಹೆಸರಿನಲ್ಲಿ ಮರೆಮಾಡಲಿಲ್ಲ. ಮಕ್ಕಳು ಮೊಮ್ಮಕ್ಕಳು ಹೊಸ ದಿಗ್ವಿಜಯವನ್ನು ಬಯಸಬಾರದೆಂದು ಬರೆಯಿಸಿದನು.

ಆದರೂ ಕಳಿಂಗವನ್ನು ಅವನು ಹಿಂದಿರುಗಿಸಲಿಲ್ಲ. ಅರಣ್ಯವಾಸಿಗಳಿಗೆ ತನ್ನ ಬಲದ ಎಚ್ಚರಿಕೆಯನ್ನೂ ಅದೇ ಶಾಸನದಲ್ಲಿ ಕೊಟ್ಟನು. ನೊಂದ ಕಳಿಂಗದ ಧೌಲಿ, ಜೌಗಡಗಳಲ್ಲಿ ಈ ಪಶ್ಚಾತ್ತಾಪದ ಶಾಸನವೇ ಇಲ್ಲ. ಅಲ್ಲಿರುವುದು ಪ್ರಜೆಗಳೆಲ್ಲ ತನ್ನ ಮಕ್ಕಳೆಂದೂ, ಅವರನ್ನು ಅಕಾರಣವಾಗಿ ಬಂಧಿಸಕೂಡದೆಂದೂ ಅಧಿಕಾರಿಗಳಿಗಿತ್ತ ಆಜ್ಞೆ. ಅದರ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ.

ಅಶೋಕನು ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡನು. ವಿಜಯವನ್ನು ಹೊಗಳುವ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳ. ಎದುರಾಳಿ ನಾಡಿನ ಪ್ರಜೆಗಳ ಸಾವನ್ನು ಎಣಿಸಿದವು ವಿರಳ. ತಪ್ಪನ್ನು ಒಪ್ಪಿದ ಮಾತು ನೊಂದವರ ಮುಂದೆಯೂ ನಿಲ್ಲಬೇಕಿತ್ತು. ದೇಶಾಭಿಮಾನವು ಆ ಎಣಿಕೆಗೆ ಅಂಜದಿದ್ದಾಗಲೇ ಅದಕ್ಕೆ ನೈತಿಕ ಬಲ.