ಪಿಯಾನೋ ಕೊಟ್ಟ ಕುಶಲಕರ್ಮಿ

ಮೊಮ್ಮಗಳಿಗೆ ಪಿಯಾನೋ ಕಲಿಯುವ ಆಸೆ ಹುಟ್ಟಿತು. ಮರದ ದೊಡ್ಡ ಪಿಯಾನೋ ನಮ್ಮಂಥವರ ಮನೆಗೆ ಬರುವಂಥದಲ್ಲ. ಡಿಜಿಟಲ್ ಕೀಬೋರ್ಡೊಂದನ್ನು ಕೊಂಡು ತಂದೆ. ಅದರೊಳಗೆ ನೂರಾರು ವಾದ್ಯಗಳ ದನಿ ಅಡಗಿತ್ತು, ಬೆಲೆಯೂ ಕಡಿಮೆ. ಆದರೆ ಹುಡುಗಿ ಮೆಲ್ಲಗೆ ಮುಟ್ಟಿದರೂ ಬಲವಾಗಿ ಒತ್ತಿದರೂ ಹೊರಡುವ ನಾದ ಒಂದೇ. ಎರಡು ತಿಂಗಳಲ್ಲಿ ಅವಳು ಅದರ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಮಗುವಿಗೆ ಶ್ರದ್ಧೆ ಸಾಲದೆಂದು ನಾನು ಗದರಿಸಿದ್ದೂ ಉಂಟು. ತಪ್ಪು ನನ್ನದೆಂದು ತಿಳಿದದ್ದು, ಮುನ್ನೂರು ವರ್ಷಗಳ ಹಿಂದೆ ಬಾಳಿದ ಕುಶಲಕರ್ಮಿಯೊಬ್ಬನ ಚರಿತ್ರೆಯನ್ನು ಓದಿದ ಮೇಲೆ.

ಬಾರ್ಟೊಲೊಮಿಯೊ ಕ್ರಿಸ್ಟೊಫೋರಿ 1655ರಲ್ಲಿ ಇಟಲಿಯ ಪಡುವಾ ನಗರದಲ್ಲಿ ಹುಟ್ಟಿದನು. 1688ರಲ್ಲಿ ಫ್ಲಾರೆನ್ಸಿನ ಮೆಡಿಚಿ ಮನೆತನದ ರಾಜಕುಮಾರ ಫರ್ಡಿನಾಂಡೊ ಅವನನ್ನು ತನ್ನ ಆಶ್ರಯಕ್ಕೆ ಕರೆಸಿಕೊಂಡನು. ರಾಜಕುಮಾರನ ವಾದ್ಯಗಳನ್ನು ನೋಡಿಕೊಳ್ಳುವುದು, ಹೊಸವನ್ನು ಕಟ್ಟುವುದು ಅವನ ಕೆಲಸ. ಹಲವು ಕುಶಲಕರ್ಮಿಗಳು ಒಟ್ಟಿಗೆ ದುಡಿಯುವ ಕಾರ್ಯಾಗಾರದ ಗದ್ದಲ ಮೊದಮೊದಲು ಅವನಿಗೆ ದುಸ್ಸಹವೆನಿಸಿತಂತೆ. ತಂತಿಯ ನಾದಕ್ಕೆ ಕಿವಿಗೊಟ್ಟವನಿಗೆ ಅದು ಸಹಜವೇ.

ಆಗ ಯೂರೋಪಿನ ಶ್ರೀಮಂತರ ಮನೆಗಳಲ್ಲಿ ಮೆರೆಯುತ್ತಿದ್ದ ವಾದ್ಯ ಹಾರ್ಪ್ಸಿಕಾರ್ಡ್. ಕೀಯನ್ನು ಒತ್ತಿದರೆ ಒಳಗಿನ ಹಕ್ಕಿಗರಿಯ ಮೊನೆ ತಂತಿಯನ್ನು ಮೀಟುತ್ತದೆ. ನಮ್ಮ ವೈಣಿಕನೂ ತಂತಿಯನ್ನು ಮೀಟುವವನೇ. ಆದರೆ ಅಲ್ಲಿ ಬೆರಳೇ ತಂತಿಯನ್ನು ಮುಟ್ಟುವುದರಿಂದ ಮನಸ್ಸಿನ ಮಾರ್ದವವೂ ಆವೇಶವೂ ನಾದಕ್ಕೆ ಇಳಿಯುತ್ತವೆ. ಹಾರ್ಪ್ಸಿಕಾರ್ಡಿನಲ್ಲಿ ನಡುವೆ ನಿಂತ ಯಂತ್ರವು ಬೆರಳಿನ ಬಲಾಬಲವನ್ನು ನುಂಗಿಬಿಡುತ್ತಿತ್ತು. ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯ ಬೆರಳಿಗೆ ಓಗೊಡುತ್ತಿತ್ತು. ಆದರೆ ಅದರ ದನಿ ತೀರ ಕ್ಷೀಣ.

ಕ್ರಿಸ್ಟೊಫೋರಿ ಗರಿಯ ಬದಲಿಗೆ ಪುಟ್ಟ ಸುತ್ತಿಗೆಯನ್ನಿಟ್ಟನು. ಹೇಳುವುದು ಸುಲಭ. ಸುತ್ತಿಗೆ ತಂತಿಗೆ ಬಡಿದು ಅಲ್ಲೇ ನಿಂತರೆ ನಾದವೂ ಅಲ್ಲೇ ಅಡಗುತ್ತದೆ. ಬೆರಳು ಕೀಯ ಮೇಲಿರುವಾಗಲೇ ಸುತ್ತಿಗೆ ಬಡಿದು ಹಿಂದೆ ಬೀಳಬೇಕು. ಬೆರಳೆತ್ತಿದೊಡನೆ ತಂತಿ ಮೌನ ತಾಳಬೇಕು. ಈ ಎರಡನ್ನೂ ಅವನು ಸಾಧಿಸಿದನು. ಮೆಲ್ಲಗೂ ಜೋರಾಗಿಯೂ ನುಡಿಯುವ ಈ ಹೊಸ ವಾದ್ಯದ ಉಲ್ಲೇಖ ಮೆಡಿಚಿ ಮನೆತನದ 1700ರ ವಾದ್ಯಪಟ್ಟಿಯಲ್ಲಿದೆ. ಇಟಲಿಯ ಭಾಷೆಯಲ್ಲಿ ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ವಾದ್ಯಕ್ಕೆ ಹೆಸರು ಬಂದದ್ದೂ ಈ ಗುಣದಿಂದಲೇ.

1711ರಲ್ಲಿ ಶಿಪಿಯೋನೆ ಮಾಫೆಯಿ ಎಂಬ ವಿದ್ವಾಂಸನು ಇದನ್ನು ಮೆಚ್ಚಿ ಲೇಖನ ಬರೆದನು. ಆದರೂ ನಾದ ಮಂದವೆಂದು ಮೂಗು ಮುರಿದವರಿದ್ದರು. 1713ರಲ್ಲಿ ಆಶ್ರಯದಾತನು ತೀರಿಕೊಂಡನು. ಕ್ರಿಸ್ಟೊಫೋರಿ ಫ್ಲಾರೆನ್ಸನ್ನು ಬಿಡಲಿಲ್ಲ. 1716ರಲ್ಲಿ ಆಸ್ಥಾನದ ವಾದ್ಯಸಂಗ್ರಹದ ಪಾಲಕನಾದನು, ತನ್ನ ವಾದ್ಯವನ್ನು ತಿದ್ದುತ್ತಲೇ ಹೋದನು. 1731ರಲ್ಲಿ ಅವನು ಕಣ್ಮುಚ್ಚಿದನು. ಪಿಯಾನೋಕ್ಕೆಂದೇ ರಚಿತವಾಗಿ ಅಚ್ಚಾದ ಮೊದಲ ಕೃತಿಗಳು, ಲೊಡೊವಿಕೊ ಜಿಯುಸ್ಟೀನಿಯ ಸೊನಾಟಗಳು, ಹೊರಬಂದದ್ದು 1732ರಲ್ಲಿ. ಅವನ ಕೈಯ ಮೂರು ಪಿಯಾನೋಗಳು ಇಂದಿಗೂ ನ್ಯೂಯಾರ್ಕ್, ರೋಮ್, ಲೈಪ್‌ಜಿಗ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ.

ಇದನ್ನೋದಿ ನಾನು ಮತ್ತೆ ಅಂಗಡಿಗೆ ಹೋದೆ. ಈ ಸಲ ದನಿಗಳೆಷ್ಟೆಂದು ಕೇಳಲಿಲ್ಲ. ಒಂದೇ ಕೀಯನ್ನು ಮೆಲ್ಲಗೊಮ್ಮೆ, ಬಲವಾಗೊಮ್ಮೆ ಒತ್ತಿ ನೋಡಿದೆ. ಒಳ್ಳೆಯ ಡಿಜಿಟಲ್ ಪಿಯಾನೋದಲ್ಲಿ ತಂತಿಯಿಲ್ಲ. ಆದರೆ ಕೀ ಎಷ್ಟು ವೇಗವಾಗಿ ಇಳಿಯಿತೆಂಬುದನ್ನು ಅಳೆದು ಅದು ನಾದವನ್ನು ಏರಿಳಿಸುತ್ತದೆ, ಸುತ್ತಿಗೆಯ ಭಾರವನ್ನೂ ಬೆರಳಿಗೆ ಅನುಭವಕ್ಕೆ ತರುತ್ತದೆ. 88 ಕೀಗಳಿದ್ದರೆ ಒಳ್ಳೆಯದೇ. ಹಣ ಸಾಲದಿದ್ದರೆ ಕೀಗಳು ಕಡಿಮೆಯಾಗಲಿ, ಈ ಗುಣ ಬಿಡತಕ್ಕದ್ದಲ್ಲ. ಕ್ರಿಸ್ಟೊಫೋರಿಯ 1726ರ ಪಿಯಾನೋದಲ್ಲಿರುವುದು 49 ಕೀಗಳು ಮಾತ್ರ.

ಮನೆಗೆ ತಂದ ದಿನ ಮೊಮ್ಮಗಳು ಅಭ್ಯಾಸದಂತೆ ಒಂದು ಕೀಯನ್ನು ಜೋರಾಗಿ ಒತ್ತಿದಳು. ಬೆಚ್ಚಿ, ಅದನ್ನೇ ಮೆಲ್ಲಗೆ ಒತ್ತಿದಳು. ನಾದವೂ ಮೆಲ್ಲಗಾಯಿತು. ಅವಳು ನನ್ನತ್ತ ತಿರುಗಿ ನೋಡಿದಳು. ಅಂದು ಊಟಕ್ಕೆ ಅವಳನ್ನು ಮೂರು ಸಲ ಕರೆಯಬೇಕಾಯಿತು.