ಸ್ಪಾರ್ಕ್ ಪ್ಲಗ್ ಕೊಟ್ಟ ಪೈಲಟ್

ಕೊಡಿಯಾಲ್‌ಬೈಲಿನ ಏರುರಸ್ತೆಯಲ್ಲಿ ಬೈಕೊಂದು ಕೆಮ್ಮುತ್ತಾ ನಿಂತುಬಿಟ್ಟರೆ ಸವಾರರು ಅದನ್ನು ಬದಿಗೆ ತಳ್ಳಿ ನಿಲ್ಲಿಸುತ್ತಾರೆ. ಮೆಕ್ಯಾನಿಕ್ ಬಂದು ಬಿಳಿ ಪಿಂಗಾಣಿ ಮೈಯ ಪುಟ್ಟ ಭಾಗವೊಂದನ್ನು ಬಿಚ್ಚಿ ಮಸಿ ಉಜ್ಜುವುದನ್ನು ನೀವು ನೋಡಿರಬಹುದು. ಅದೇ ಸ್ಪಾರ್ಕ್ ಪ್ಲಗ್. ಅದರ ತುದಿಯಲ್ಲಿ ಹಾರುವ ಕಿಡಿಯೇ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಉರಿಸುವುದು. ಕಿಡಿ ಇಲ್ಲದಿದ್ದರೆ ಎಂಜಿನ್ ಓಡದು.

ಸರಿ, ಬೈಕನ್ನು ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ವಿಮಾನವನ್ನು ನಿಲ್ಲಿಸುವುದೆಲ್ಲಿ?

ಜೆ.ಆರ್.ಡಿ. ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್ಸಿನಲ್ಲಿ. ಇಂಗ್ಲಿಷ್ ಕಾಲುವೆಯನ್ನು ಮೊದಲು ವಿಮಾನದಲ್ಲಿ ದಾಟಿದ ಬ್ಲೇರಿಯೊ ಅವರ ಮನೆ ಟಾಟಾ ಕುಟುಂಬ ರಜೆಗೆ ಹೋಗುತ್ತಿದ್ದ ಊರಿನಲ್ಲೇ ಇತ್ತು. ಹುಡುಗನಿಗೆ ಹಾರುವ ಹುಚ್ಚು ಹಿಡಿದದ್ದು ಅಲ್ಲಿಯೇ. 1929ರ ಫೆಬ್ರವರಿ 10ರಂದು ಅವರಿಗೆ ಪೈಲಟ್ ಪರವಾನಗಿ ಸಿಕ್ಕಿತು. ಭಾರತದಲ್ಲಿ ಕೊಟ್ಟ ಪರವಾನಗಿಗಳಲ್ಲಿ ಅದರ ಸಂಖ್ಯೆ ಒಂದು!

1929ರಲ್ಲಿ ಆಗಾ ಖಾನ್ ಒಂದು ಬಹುಮಾನ ಘೋಷಿಸಿದರು. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಂಟಿಯಾಗಿ ಮೊದಲು ಹಾರಿದ ಭಾರತೀಯನಿಗೆ 500 ಪೌಂಡ್. ಜೆ.ಆರ್.ಡಿ. ಕರಾಚಿಯಿಂದ ಹೊರಟರು. ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನಿಂದ ಹೊರಟ. ಇಬ್ಬರದೂ ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಈಜಿಪ್ಟಿನ ಅಬೂಕಿರ್‌ನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಅಲ್ಲಿ ಸಿಕ್ಕಿಬಿದ್ದಿದ್ದ. ಪ್ಲಗ್ ಕೆಟ್ಟಿತ್ತು, ಬದಲಿ ಪ್ಲಗ್ ತಂದಿರಲಿಲ್ಲ. ಜೆ.ಆರ್.ಡಿ. ತಂದಿದ್ದರು. ಎದುರಾಳಿ ಎಂದು ನೋಡದೆ ತೆಗೆದು ಕೊಟ್ಟರು. ಆಸ್ಪಿ ಪ್ರತಿಯಾಗಿ ತನ್ನ ತೇಲುವ ಜಾಕೆಟ್ ಕೊಟ್ಟ. ಅವನು ಸಮುದ್ರ ದಾಟಿ ಬಂದಾಗಿತ್ತು, ಜೆ.ಆರ್.ಡಿ. ಅವರ ಮುಂದೆ ಮೆಡಿಟರೇನಿಯನ್ ಸಮುದ್ರ ಇನ್ನೂ ಇತ್ತು. ಎಂಥ ಒಳ್ಳೆಯ ವಿನಿಮಯ ನೋಡಿ! ಕೊನೆಗೆ ಗೆದ್ದದ್ದು ಆಸ್ಪಿಯೇ, ಅದೂ ಕೆಲವೇ ಗಂಟೆಗಳ ಅಂತರದಲ್ಲಿ. ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ರೆಕ್ಕೆಗಳ ಬಲದಿಂದ ಸ್ವಲ್ಪ ದೂರ ಜಾರುತ್ತಾ ಇಳಿಯುತ್ತದೆ. ಆದ್ದರಿಂದ ಒಂಟಿ ಎಂಜಿನ್ನಿನ ಪೈಲಟ್ ಹಾರುವಾಗಲೇ ಕೆಳಗೆ ಬಯಲು ಎಲ್ಲಿದೆ ಎಂದು ಗಮನಿಸುತ್ತಿರುತ್ತಾನೆ. ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. 'ಪಸ್ ಮಾತ್' ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯಿಂದ ಅವರ ಗೆಳೆಯ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಮುಂದುವರಿದರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಮುಂಬಯಿಯ ಜುಹು ನಿಲ್ದಾಣವೋ ಬರಿಯ ಕೆಸರು ಬಯಲು. ಮಳೆಗಾಲದಲ್ಲಿ ಅದು ನೀರಿನಡಿ ಹೋಗುತ್ತಿತ್ತು. ಆಗ ಅಲ್ಲಿ ಇಳಿಯುವ ಸಾಹಸಕ್ಕೆ ಹೋಗದೆ ಸೇವೆಯನ್ನು ಪುಣೆಗೆ ಬದಲಾಯಿಸುತ್ತಿದ್ದರು.

ಆ ಅಂಚೆ ಸೇವೆಯೇ ಬೆಳೆದು ಏರ್ ಇಂಡಿಯಾ ಆಯಿತು. ನಮ್ಮ ಬಜ್ಪೆಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 1951ರಲ್ಲಿ.

1982ರ ಅಕ್ಟೋಬರ್ 15ರಂದು, ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ, ಜೆ.ಆರ್.ಡಿ. ಮತ್ತೆ ಕರಾಚಿಯಿಂದ ಮುಂಬಯಿಗೆ ಹಾರಿದರು. ಈ ಸಲವೂ ಒಂದೇ ಎಂಜಿನ್ನಿನ ಹಳೆಯ 'ಲೆಪರ್ಡ್ ಮಾತ್' ವಿಮಾನ. ಆಗ ಅವರಿಗೆ 78 ವರ್ಷ. 1992ರಲ್ಲಿ ಭಾರತರತ್ನ ಪಡೆದ ಅವರು 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು.