ರಾಕ್ಸಿ ಲೇಬರ್ನ್

ರಾಕ್ಸಿ ಲೇಬರ್ನ್ (15 ಸೆಪ್ಟೆಂಬರ್ 1910 – 7 ಆಗಸ್ಟ್ 2003) ಅಮೆರಿಕದ ಪಕ್ಷಿವಿಜ್ಞಾನಿ. ಗರಿಯ ಚಿಕ್ಕ ಚೂರಿನಿಂದಲೇ ಅದು ಯಾವ ಹಕ್ಕಿಯದೆಂದು ಗುರುತಿಸುವ ಕ್ರಮವನ್ನು ರೂಪಿಸಿ, ವಿಧಿವಿಜ್ಞಾನ ಪಕ್ಷಿಶಾಸ್ತ್ರವೆಂಬ ಶಾಖೆಗೆ ಬುನಾದಿ ಹಾಕಿದವರು.

ಜನನ ಮತ್ತು ಶಿಕ್ಷಣ

ರಾಕ್ಸಿ ಅವರು ನಾರ್ತ್ ಕ್ಯಾರೊಲಿನಾ ರಾಜ್ಯದ ಫಯೆಟ್‌ವಿಲ್‌ನಲ್ಲಿ ಜನಿಸಿದರು. 15 ಮಕ್ಕಳಲ್ಲಿ ಇವರೇ ಹಿರಿಯರು. ರಾಲೆ ನಗರದ ಮೆರೆಡಿತ್ ಕಾಲೇಜಿನಿಂದ 1932ರಲ್ಲಿ ಪದವಿ ಪಡೆದು, ರಾಜ್ಯದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದರು. ಸತ್ತ ಪ್ರಾಣಿಪಕ್ಷಿಗಳ ಚರ್ಮವನ್ನು ಹದಮಾಡಿ ಸಂರಕ್ಷಿಸುವ ವಿದ್ಯೆ ಅವರಿಗೆ ಅಲ್ಲಿ ಕರಗತವಾಯಿತು.

ವೃತ್ತಿಜೀವನ

1944ರಲ್ಲಿ ಅವರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿದರು. ಮುಂದೆ ಸರ್ಕಾರದ ಮೀನು ಮತ್ತು ವನ್ಯಜೀವಿ ಸೇವೆಯ ಉದ್ಯೋಗಿಯಾದರೂ ಅದೇ ಸಂಸ್ಥೆಯ ಪಕ್ಷಿ ವಿಭಾಗದಲ್ಲಿಯೇ ಕೆಲಸ ಮುಂದುವರಿಸಿದರು.

1960ರ ವಿಮಾನ ದುರಂತ

1960ರ ಅಕ್ಟೋಬರ್ 4ರಂದು ಬಾಸ್ಟನ್ನಿನಿಂದ ಮೇಲೇರಿದ ಈಸ್ಟರ್ನ್ ಏರ್‌ಲೈನ್ಸ್ ವಿಮಾನವು ಕೆಲವೇ ಕ್ಷಣಗಳಲ್ಲಿ ಸಮೀಪದ ಕೊಲ್ಲಿಗೆ ಬಿದ್ದು, ಅದರಲ್ಲಿದ್ದ 72 ಜನರಲ್ಲಿ 62 ಮಂದಿ ಮೃತಪಟ್ಟರು. ಎಂಜಿನ್‌ಗಳಲ್ಲಿ ದೊರೆತ ಅವಶೇಷಗಳನ್ನು ಪರೀಕ್ಷಿಸಿದ ರಾಕ್ಸಿ, ಅವು ಸ್ಟಾರ್ಲಿಂಗ್ ಹಕ್ಕಿಗಳವೆಂದು ನಿರ್ಣಯಿಸಿದರು. ನಮ್ಮ ಗೊರವಂಕದ ಕುಟುಂಬಕ್ಕೆ ಸೇರಿದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹಕ್ಕಿ ಅದು. ಹಕ್ಕಿ ಯಾವುದೆಂದು ತಿಳಿದರೆ ಅದರ ತೂಕ ತಿಳಿಯುತ್ತದೆ. ಆ ಹೊಡೆತವನ್ನು ತಾಳಬಲ್ಲ ಎಂಜಿನ್ ರಚಿಸಲು ಸಾಧ್ಯವಾಗುತ್ತದೆ. ಅದರ ಆಹಾರ, ವಸತಿಗಳನ್ನು ಅರಿತರೆ ನಿಲ್ದಾಣದ ಆವರಣಕ್ಕೆ ಅದು ಬಾರದಂತೆ ತಡೆಯಬಹುದು. ಆ ದುರಂತದ ನಂತರ ಎಂಜಿನ್‌ಗಳು ಹಕ್ಕಿಗಳ ಹೊಡೆತವನ್ನು ತಾಳುವ ಬಗ್ಗೆ ಪರೀಕ್ಷೆಯ ನಿಯಮಗಳು ಜಾರಿಗೆ ಬಂದವು.

ಗುರುತಿಸುವ ವಿಧಾನ

ಎಣ್ಣೆ, ರಕ್ತ ಮೆತ್ತಿದ ಚೂರುಗಳನ್ನು ಮೊದಲು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಲಾಗುತ್ತಿತ್ತು. ಗರಿಯ ಬುಡದಲ್ಲಿರುವ ತುಪ್ಪಳದ ಎಳೆಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಗಂಟುಗಳು ಕಾಣುತ್ತವೆ. ಅವುಗಳ ಆಕಾರ, ಬಣ್ಣ ಮತ್ತು ಹಂಚಿಕೆ ಪಾರಿವಾಳಗಳಲ್ಲಿ ಒಂದು ಬಗೆ, ಬಾತುಗಳಲ್ಲಿ ಇನ್ನೊಂದು ಬಗೆ. ಹೀಗೆ ಹಕ್ಕಿಯ ಗುಂಪು ಗೊತ್ತಾದ ಮೇಲೆ, ಸಂಗ್ರಹಾಲಯದ ಲಕ್ಷಾಂತರ ಮಾದರಿಗಳೊಡನೆ ಹೋಲಿಸಿ ಪ್ರಭೇದವನ್ನು ನಿರ್ಧರಿಸುತ್ತಿದ್ದರು. ಡಿಎನ್ಎ ಪರೀಕ್ಷೆ ಬಳಕೆಗೆ ಬರುವ ಮುನ್ನ ತನಿಖೆಗೆ ಇದೇ ಮುಖ್ಯ ಆಧಾರವಾಗಿತ್ತು. ವಿಮಾನಗಳಷ್ಟೇ ಅಲ್ಲದೆ ಕೊಲೆ ಮತ್ತು ಅಕ್ರಮ ಬೇಟೆಯ ಪ್ರಕರಣಗಳಲ್ಲಿಯೂ ತನಿಖಾಧಿಕಾರಿಗಳು ಅವರ ನೆರವು ಪಡೆದರು.

ನಿವೃತ್ತಿ ಮತ್ತು ಪರಂಪರೆ

1988ರಲ್ಲಿ ನಿವೃತ್ತರಾದರೂ ರಾಕ್ಸಿ ಸಂಗ್ರಹಾಲಯದಲ್ಲಿ ಗರಿಗಳ ಕೆಲಸವನ್ನು ಬಿಡಲಿಲ್ಲ. 92ನೆಯ ವಯಸ್ಸಿನಲ್ಲಿ ವರ್ಜೀನಿಯಾದ ಮನಾಸಸ್‌ನಲ್ಲಿ ನಿಧನರಾದರು. ಅವರ ಬಳಿ ತರಬೇತಿ ಪಡೆದ ಕಾರ್ಲಾ ಡವ್ ಅವರು ಸ್ಮಿತ್ಸೋನಿಯನ್‌ನ ಗರಿ ಗುರುತಿಸುವ ಪ್ರಯೋಗಾಲಯದ ಮುಖ್ಯಸ್ಥರಾಗಿ ಈ ವಿದ್ಯೆಯನ್ನು ಮುಂದುವರಿಸಿದರು.